ಹಳೆಯ ಪೆಟ್ಟಿಗೆಗೆ ಸ್ವಿಚ್ ಹಾಕಿದ್ದು

ಹುಳು ಕೆಟ್ಟದ್ದು ನನ್ನಿಂದ. ಆರಿಸಿಟ್ಟಿದ್ದ ಹಳೆಯ ಕಂಪ್ಯೂಟರಿಗೆ ನಾನು ಸ್ವಿಚ್ ಹಾಕಿದೆ, ಹುಳು ಕೆಟ್ಟವು. ಬೈಸಿಕೊಂಡದ್ದು ಮಾತ್ರ ನನ್ನ ಮೊಮ್ಮಗಳು ಮಂಜುಳಾ, ಅದೂ ನನ್ನ ಬಾಯಿಂದಲೇ.

ಇದು ಕಳೆದ ವರ್ಷದ ಮಾತು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರ ನಮ್ಮದೊಂದು ಚಾಕಿ ಮನೆ ಇದೆ. ಚಾಕಿ ಎಂದರೆ ಮರಿ ರೇಷ್ಮೆಹುಳು. ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರ ಎದ್ದ ಮೇಲೆ ಸುತ್ತಲಿನ ರೈತರಿಗೆ ಕೊಡುವುದು ನಮ್ಮ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಮೇಯುವಾಗ ಕೋಣೆಯಲ್ಲಿ ತೇವ ಬೇಕು, ಜ್ವರದಲ್ಲಿ ಒಣಗಿರಬೇಕು. ಇಷ್ಟು ಕಲಿಯಲು ನನಗೆ ಶಾಲೆ ಬೇಕಾಗಲಿಲ್ಲ. ಮೂರನೇ ಕ್ಲಾಸಿಗೇ ಬಿಟ್ಟವಳು ನಾನು. ಆ ವರ್ಷ ಚಾಕಿ ಮನೆಯನ್ನು ಮಂಜುಳಾಗೆ ಬಿಟ್ಟುಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ರೈತರು ಅವಳನ್ನು ನಂಬುತ್ತಾರೋ ಇಲ್ಲವೋ ಎಂಬುದೊಂದೇ ಉಳಿದಿತ್ತು.

ಕೋಲಾರದಲ್ಲಿ ಡಿಪ್ಲೊಮಾ ಓದಿದ ಅವಳು ನಡುಮನೆಯಲ್ಲಿ ಒಂದು ಸರ್ವರ್ ಇಟ್ಟಿದ್ದಳು. ಆ ಒಂದು ಪೆಟ್ಟಿಗೆಯೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಎರಡು ಕಂಪ್ಯೂಟರುಗಳಿದ್ದವು. ವರ್ಚುವಲ್ ಮಷಿನ್ ಎನ್ನುತ್ತಾರೆ. ಮುಟ್ಟಲು ಸಿಗುವುದಿಲ್ಲ, ಕೆಲಸ ಮಾತ್ರ ಮಾಡುತ್ತವೆ. ಒಂದು ಚಾಕಿ ಮನೆಯ ಹೀಟರನ್ನೂ, ಮಂಜಿನ ಹಾಗೆ ನೀರು ಚಿಮ್ಮಿಸುವ ಫಾಗರನ್ನೂ ನೋಡಿಕೊಳ್ಳುತ್ತಿತ್ತು. ಇನ್ನೊಂದು ರೈತರಿಗೆ ಮೆಸೇಜ್ ಕಳಿಸುತ್ತಿತ್ತು. ಅವನ್ನು ನಡೆಸುವ ಪ್ಲಾಟ್‌ಫಾರ್ಮ್ ಹಳತಾಯಿತು, ಅಪ್‌ಡೇಟ್ ಬರುವುದು ನಿಂತಿತು ಎಂದು ಅವಳು ಬೇರೆ ಪೆಟ್ಟಿಗೆ ತಂದು, ಬೇರೆ ಪ್ಲಾಟ್‌ಫಾರ್ಮ್ ಹಾಕಿ, ಎರಡನ್ನೂ ಅದಕ್ಕೆ ಸಾಗಿಸಿದಳು. ಹಳೆಯದನ್ನು ಆರಿಸಿ ಪಕ್ಕಕ್ಕಿಟ್ಟಳು.

"ಹಂಗಂದ್ರೆ ಏನೇ ಮಾಡ್ದೆ?" ಎಂದು ಕೇಳಿದೆ.

"ಬಲೆ ಹಾಸಿ ಹುಳ ಎತ್ತಿ ಬೇರೆ ತಟ್ಟೆಗೆ ಹಾಕಲ್ವಾ, ಹಂಗೆ ಕಣಜ್ಜಿ. ಹಳೇದನ್ನ ಮಾತ್ರ ಮುಟ್ಬೇಡ. ಸ್ವಲ್ಪ ದಿನ ನೋಡಿ ನಾನೇ ಅಳಿಸ್ತೀನಿ."

ನನಗೆ ಅರ್ಥವಾಯಿತು ಎಂದುಕೊಂಡೆ. ಕೆಟ್ಟದ್ದು ಅಲ್ಲೇ. ತಟ್ಟೆ ಬದಲಿಸುವಾಗ ಹುಳುಗಳ ಮೇಲೆ ಬಲೆ ಹಾಸಿ ಹೊಸ ಸೊಪ್ಪು ಉದುರಿಸುತ್ತೇವೆ. ಹುಳು ಸೊಪ್ಪಿಗೆ ಹತ್ತುತ್ತವೆ, ಬಲೆ ಸಮೇತ ಎತ್ತಿ ಹೊಸ ತಟ್ಟೆಗೆ ಇಡುತ್ತೇವೆ. ಮಂದವಾದವು ಒಂದಷ್ಟು ಕೆಳಗೇ ಉಳಿಯುತ್ತವೆ. ತಿಂದುಳಿದ ಸೊಪ್ಪಿನ ಆ ಹಳೆಯ ಹಾಸನ್ನು ಕೂಡಲೇ ಎಸೆಯುವವರು ಈ ಕೆಲಸಕ್ಕೆ ಲಾಯಕ್ಕಿಲ್ಲ. ಇನ್ನೊಂದು ಹೊತ್ತು ಸೊಪ್ಪು ಹಾಕಿ ಅವನ್ನೂ ಹತ್ತಿಸಿಕೊಳ್ಳಬೇಕು.

ಹುಳು ಎರಡನೇ ಜ್ವರಕ್ಕೆ ಕೂತವು. ಮಂಜುಳಾ ಫೋನಿನಲ್ಲಿ 'ಜ್ವರ' ಎಂದು ಒತ್ತಿ, ಫಾಗರ್ ನಿಲ್ಲಿಸಿ, ಮುಂದಿನ ಮೊಟ್ಟೆಯ ಮಾತಾಡಲು ಶ್ರೀನಿವಾಸಪುರಕ್ಕೆ ಹೋದಳು. ಮಧ್ಯಾಹ್ನ ನಡುಮನೆ ಗುಡಿಸುವಾಗ ಹಳೆಯ ಪೆಟ್ಟಿಗೆ ಕಣ್ಣಿಗೆ ಬಿತ್ತು. ಒಳಗೇನಾದರೂ ಹಿಂದುಳಿದಿದ್ದರೆ ಬರಲಿ ಎಂದು ಸ್ವಿಚ್ ಹಾಕಿದೆ. ಗುಯ್ ಎಂದಿತು. ಓದಿದ ಹುಡುಗಿಗೆ ಇಷ್ಟೂ ತೋಚಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ತಿಳಿದದ್ದು ಇಷ್ಟು: ಹಳೆಯ ಪೆಟ್ಟಿಗೆಗೆ ಜ್ವರದ ಸುದ್ದಿ ಹೋಗಿರಲಿಲ್ಲ, ಅದರ ಲೆಕ್ಕದಲ್ಲಿ ಹುಳು ಇನ್ನೂ ಮೇಯುತ್ತಿದ್ದವು. ಅದು ಫಾಗರ್ ಹಾಕುವುದು, ಹೊಸದು ಆರಿಸುವುದು, ಮತ್ತೆ ಹಳೆಯದು ಹಾಕುವುದು. ಜ್ವರದ ಕೋಣೆಗೆ ನಾವು ಸುಮ್ಮಸುಮ್ಮನೆ ಹೋಗುವುದಿಲ್ಲ, ಹುಳುವಿಗೆ ತೊಂದರೆ. ತೇವ ಏರಿದ್ದನ್ನು ಮಂಜುಳಾ ಫೋನಿನಲ್ಲಿ ಕಂಡಳು. ಹೊರಗೆ ಸೋನೆ ಹಿಡಿದಿತ್ತು, ಅದಕ್ಕೇ ಇರಬೇಕು ಎಂದುಕೊಂಡಳು.

ರೈತರು ಹುಳು ಒಯ್ಯಲು ಬಂದ ದಿನ ಬಾಗಿಲು ತೆಗೆದರೆ ಹಾಸೆಲ್ಲ ಒದ್ದೆ. ಅರ್ಧ ಹುಳು ಪೊರೆ ಕಳಚಿ ಜ್ವರ ಎದ್ದಿದ್ದವು, ಅರ್ಧ ಪೊರೆಯಲ್ಲೇ ಸಿಕ್ಕಿ ಕಪ್ಪಾಗಿದ್ದವು. ನಮ್ಮ ಹಳೆಯ ಗಿರಾಕಿ ಮುನೆಮ್ಮ ತಟ್ಟೆಗೆ ಬೆರಳಿಟ್ಟು ನೋಡಿದಳು.

"ಇದನ್ನ ಏನ್ ಮಾಡ್ಲಿ ಅಕ್ಕಾ? ತೋಟದಾಗೆ ಸೊಪ್ಪು ಬಂದು ನಿಂತೈತೆ. ಬಲಿತೋದ್ರೆ ದನಕ್ಕೇ ಹಾಕ್ಬೇಕು."

"ಈಗಿನೋರು ಫೋನಲ್ಲೇ ಹುಳ ಸಾಕ್ತಾರೆ ಬಿಡೇ," ಎಂದ ಅವಳ ಗಂಡ. ಹಿಂದೆ ನಿಂತವರು ನಕ್ಕರು.

ನಾನು ಎಲ್ಲರ ಮುಂದೆ ಮಂಜುಳಾ ಕಡೆ ತಿರುಗಿದೆ. "ತಟ್ಟೆಗೆ ಕೈ ಹಾಕಿ ನೋಡಕ್ಕೆ ಬರಲ್ಲ, ಪೆಟ್ಟಿಗೆ ಮುಂದೆ ಕೂತ್ಕೊಳಕ್ಕೆ ಬರುತ್ತೆ. ನಿನ್ ಕೈಗೆ ಕೊಟ್ಟಿದ್ದು ನಂದೇ ತಪ್ಪು ಕಣೇ."

ಮುನೆಮ್ಮ ತೆಲುಗಿನಲ್ಲಿ "ಪೋನೀಲೇ ಅಕ್ಕಾ" ಎಂದಳು, ಹೋಗಲಿ ಬಿಡು ಎಂದು. "ಮುಂದಿನ ಬೆಳೆಗೆ ಬೇರೆ ಕಡೆ ನೋಡ್ಕೊಂತೀವಿ" ಎಂದು ಬರಿಗೈಯಲ್ಲಿ ಹೊರಟಳು. ಉಳಿದವರೂ ಹೊರಟರು.

ಸಂಜೆ ಮಂಜುಳಾ ಹಳೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು.

"ಅಜ್ಜಿ, ಇದನ್ನ ಯಾರು ಹಾಕಿದ್ದು?"

"ನಾನೇ. ಉಳಿದಿದ್ದು ಬರ್ಲಿ ಅಂತ."

ಅವಳು ಹಾಗೇ ನೆಲದ ಮೇಲೆ ಕೂತಳು. "ಎತ್ತಿದ್ದಲ್ಲ ಅಜ್ಜಿ, ನಕಲು ತೆಗೆದಿದ್ದು. ಅಲ್ಲೂ ಪೂರ್ತಿ ಇರುತ್ತೆ, ಇಲ್ಲೂ ಪೂರ್ತಿ ಇರುತ್ತೆ. ಎರಡೂ ಎದ್ದು ಒಂದೇ ಫಾಗರಿಗೆ ಕಿತ್ತಾಡಿವೆ. ಬಲೆ ಅಂತ ಹೇಳಿದ್ದು ನಂದೂ ತಪ್ಪೇ. ಊರಲ್ಲಿ ಏನೂ ಹೇಳಕ್ಕೆ ಹೋಗ್ಬೇಡ. ಹೆಂಗೂ ನನ್ ಮೇಲೆ ಬಂದಿದೆ, ಇರ್ಲಿ ಬಿಡು."

ತಿರುಗಿ ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ. ಅವಳು ಊಟಕ್ಕೆ ಬಡಿಸಿದಳು. ನಾನು ತಲೆ ಎತ್ತದೆ ಉಂಡೆ. ಹುಳು ಹಿಂದೆಯೂ ಸತ್ತಿವೆ, ಅದಕ್ಕೆ ನಾನು ನಾಚಿದವಳಲ್ಲ. ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿರುವ ಕೆಲಸದ ನ್ಯಾಯ ಹಚ್ಚಿದೆ, ಕೇಳಲಿಲ್ಲ, ಕೊನೆಗೆ ಚಿಕ್ಕವಳ ತಲೆಗೆ ಕಟ್ಟಿದೆ. ಅದಕ್ಕೆ ನಾಚಿಕೆ. ಇನ್ನೊಬ್ಬರನ್ನು ಬೈಯುವ ಮುಂಚೆ ನಾನು ಏನೇನು ಮುಟ್ಟಿದ್ದೆ ಎಂದು ನೆನೆಸಿಕೊಳ್ಳಬೇಕೆಂಬುದನ್ನು ಈ ಕಸುಬು ನನಗೆ ಇಷ್ಟು ತಡವಾಗಿ ಕಲಿಸಿತು.

ಮರುದಿನ ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಹೋದೆ. ನಮ್ಮ ರೈತರೆಲ್ಲ ಕ್ಯಾನು ಹಿಡಿದು ಅಲ್ಲೇ ನಿಂತಿದ್ದರು.

"ಹುಳ ಕೆಡಿಸಿದ್ದು ನಾನು. ಅವಳು ಮುಟ್ಬೇಡ ಅಂದಿದ್ದನ್ನ ಮುಟ್ದೆ. ಅವಳದೇನೂ ತಪ್ಪಿಲ್ಲ" ಎಂದು, ಅವಳನ್ನು ಬೈದಷ್ಟೇ ಜೋರಾಗಿ ಹೇಳಿದೆ.

ಮುನೆಮ್ಮ ಹಾಲು ಅಳೆಸಿ ಮುಗಿಸಿ ನನ್ನ ಹತ್ತಿರ ಬಂದಳು. "ಹಂಗಾದ್ರೆ ಮುಂದಿನ ಚಾಕಿಗೆ ನಮ್ಮನ್ನ ಸೇರಿಸ್ಕೋ ಅಕ್ಕಾ. ಆದ್ರೆ ಹುಳ ಹುಡುಗಿ ಕೈಯಾಗಿಂದೇ ಆಗ್ಬೇಕು. ನಿಂದು ಬೇಡ."

"ಆಗ್ಲಿ" ಎಂದೆ. ಮನೆಗೆ ಬಂದು ಆ ಮಾತನ್ನು ಒಂದಕ್ಷರ ಬಿಡದೆ ಮಂಜುಳಾಗೆ ಒಪ್ಪಿಸಿದೆ.