ಸಾಂಬ್ರಾಣಿ ಕುಡಿದ ಕಂಪ್ಯೂಟರು

ಗಿರಾಕಿ ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವರಿಗೊಂದು ಬೆಲೆ ಕಟ್ಟಿಬಿಡುವುದು ನಮ್ಮ ನಗರ್ತಪೇಟೆಯ ಗ್ರಂಧಿಗೆ ಅಂಗಡಿಯವರ ಅಭ್ಯಾಸ. ಅರಿಶಿನ, ಕುಂಕುಮ, ಕರ್ಪೂರ, ಸಾಂಬ್ರಾಣಿ ಮಾರಿ ಮಾರಿ ಮನುಷ್ಯರೂ ಒಂದು ಥರದ ಸರಕಾಗಿ ಕಾಣತೊಡಗುತ್ತಾರೆ. ಶೈಲಜಮ್ಮ ಎಂಬ ಗಿರಾಕಿಗೆ ಅಂಗಡಿ ಹಾಕಿದ ಲೆಕ್ಕ ಹೀಗಿತ್ತು: ವಯಸ್ಸು ಅರವತ್ತರ ಆಚೀಚೆ, ಎತ್ತರ ಕಡಿಮೆ, ದನಿ ಅದಕ್ಕಿಂತ ಕಡಿಮೆ. ಚಪ್ಪಲಿ ಎರಡು ಸಲ ಹೊಲಿಸಿದ್ದು. ಕೈಚೀಲ ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟದ್ದು. ಸೀರೆಯ ಗಂಜಿಯಲ್ಲಿ ಮಾತ್ರ ಲೋಪವಿಲ್ಲ. ಚೌಕಾಸಿಗೆ ನಿಲ್ಲುವುದಿಲ್ಲ, ಹಾಗಂತ ಮೋಸ ಹೋಗುವ ಮುಖವೂ ಅಲ್ಲ. ಕರ್ಪೂರವನ್ನು ಉಗುರಲ್ಲಿ ಕೆರೆದು, ಮೂಸಿ, ಬೆಳಕಿಗೆ ಹಿಡಿದು ನೋಡುವವರು. ಸಾಂಬ್ರಾಣಿ ಪುಡಿಯನ್ನು ಮಾತ್ರ ಕಟ್ಟಿದ ಪೊಟ್ಟಣ ಕಟ್ಟಿದ ಹಾಗೆಯೇ ಚೀಲಕ್ಕೆ ಇಳಿಸುತ್ತಿದ್ದರು. ಹನ್ನೆರಡು ವರ್ಷದ ನಂಬಿಕೆ. ತಿಂಗಳಿಗೊಂದು ಪೊಟ್ಟಣದ ಗಿರಾಕಿ, ಅದಕ್ಕಿಂತ ಹೆಚ್ಚೇನಿಲ್ಲ ಎಂದು ಅಂಗಡಿ ತೀರ್ಮಾನಿಸಿತ್ತು. ಅಷ್ಟು ತಪ್ಪು ಬೆಲೆ ಆ ಅಂಗಡಿಯಲ್ಲಿ ಇನ್ಯಾರಿಗೂ ಕಟ್ಟಿದ್ದಿಲ್ಲ.

ಶೈಲಜಮ್ಮ ಮೂವತ್ತು ವರ್ಷ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವರು. ಅಲ್ಲಿ ಅವರ ಕಣ್ಣು ಒಂದು ವಿಚಿತ್ರ ರಕ್ತಕ್ಕೆ ಪಳಗಿತು. ವೈದ್ಯರು ಅದನ್ನು ಬಾಂಬೆ ಗುಂಪು ಎನ್ನುತ್ತಾರೆ. ಸಾವಿರಾರು ಜನರಲ್ಲಿ ಒಬ್ಬರಿಗೆ ಇದ್ದರೆ ಇತ್ತು. ಮೇಲಿಂದ ಮೇಲೆ ನೋಡಿದರೆ ಓ ಗುಂಪಿನ ಹಾಗೇ ಕಾಣುತ್ತದೆ. ಓ ಎಂದು ನಂಬಿ ಓ ರಕ್ತವನ್ನೇ ಏರಿಸಿದರೆ ಮೈಗೆ ವಿಷ. ಅವರಿಗೆ ಅವರದೇ ಗುಂಪಿನವರ ರಕ್ತ ಬೇಕು, ಬೇರೆ ದಾರಿಯಿಲ್ಲ. ಅಂಥವರು ಕಣ್ಣಿಗೆ ಬಿದ್ದಾಗಲೆಲ್ಲ ಶೈಲಜಮ್ಮ ಹೆಸರು, ಬೀದಿ, ಫೋನ್ ನಂಬರು ಬರೆದಿಟ್ಟುಕೊಂಡರು. ಇಪ್ಪತ್ತು ವರ್ಷದಲ್ಲಿ ಇಪ್ಪತ್ತಮೂರು ಜನ ಸಿಕ್ಕರು.

ಆ ಇಪ್ಪತ್ತಮೂರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಮತ್ತು ವಿಷಯ ಗೊತ್ತಿದ್ದ ಮನೆಯವರದೆಲ್ಲ ಒಂದೇ ಮಾತು. “ಯಾರಿಗೂ ಹೇಳ್ಬೇಡಿ ಮೇಡಂ, ನಾಳೆ ಗಂಡಿನ ಕಡೆಯೋರು ರಕ್ತದಲ್ಲೇ ಏನೋ ದೋಷ ಇದೆ ಅಂತಾರೆ.” ಶೈಲಜಮ್ಮ ಮಾತು ಕೊಟ್ಟರು. ಪಟ್ಟಿ ಎರಡು ಕಡೆ ಇದ್ದರೆ ಮೂರನೆಯವರ ಕಣ್ಣಿಗೆ ಬೀಳುತ್ತದೆ ಎಂಬುದು ಅವರ ನಿಯಮ. ಲ್ಯಾಬು ಮುಚ್ಚಿದಾಗ ಅಲ್ಲಿನ ಹಳೇ ಕಂಪ್ಯೂಟರು ಅವರ ಪಾಲಿಗೆ ಬಂತು. ಪಟ್ಟಿಯನ್ನು ಅದಕ್ಕೆ ಏರಿಸಿ, ನೋಟ್‌ಬುಕ್ಕನ್ನು ಹರಿದು ಬಚ್ಚಲ ಒಲೆಗೆ ಹಾಕಿದರು. ಮನೆಯವರೆಲ್ಲ ಎತ್ತಿಕೊಳ್ಳುವ ಮೊಬೈಲಿನಲ್ಲಿ ಒಂದು ನಂಬರನ್ನೂ ಉಳಿಸಲಿಲ್ಲ. ಕರೆ ಮಾಡಿದ ಮೇಲೆ ಅದರ ಗುರುತನ್ನೂ ಅಳಿಸುತ್ತಿದ್ದರು.

ರಕ್ತ ಬೇಕಾದಾಗ ಅವರು ಕರೆಯುವ ಬಗೆಯೂ ಹಾಗೇ. ಫೋನನ್ನು ಯಾರೇ ಎತ್ತಲಿ, “ಅರಿಶಿನ ಕುಂಕುಮಕ್ಕೆ ಕಳಿಸಿಕೊಡಿ” ಎನ್ನುವುದು. ಕೇಳಬೇಕಾದವಳಿಗೆ ಅದು ಅರ್ಥವಾಗುತ್ತಿತ್ತು. ಗಂಡಸರಿಗಾದರೆ ಸತ್ಯನಾರಾಯಣ ಪೂಜೆ. ಚಾಮರಾಜಪೇಟೆ ನಾಲ್ಕನೇ ಮೈನಿನ ಅವರ ಮನೆಯಲ್ಲಿ ಒಂದು ಸಲವೂ ನಡೆಯದ ಸತ್ಯನಾರಾಯಣ ಪೂಜೆಯಿಂದ ನಾಲ್ಕು ಜೀವ ಉಳಿದಿದ್ದವು.

ದಸರೆಯ ನಂತರ ಕಂಪ್ಯೂಟರು ಸಾಯತೊಡಗಿತು.

ಮೊದಲು ವಾರಕ್ಕೊಮ್ಮೆ. ಒಳಗಿನ ಫ್ಯಾನು ಏದುಸಿರು ಬಿಟ್ಟ ಹಾಗೆ ಮೇಲಕ್ಕೇರುವುದು, ಪರದೆ ನೀಲಿಯಾಗುವುದು, ಆಮೇಲೆ ಸದ್ದೇ ಇಲ್ಲ. ಶೈಲಜಮ್ಮ ಲ್ಯಾಬಿನ ಅಭ್ಯಾಸ ಬಿಡದೆ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ, ಜ್ವರದ ರೋಗಿಗೆ ಬರೆಯುವ ಹಾಗೆ, ಎಷ್ಟು ನಿಮಿಷ ಬದುಕಿತು ಎಂದು ಬರೆಯತೊಡಗಿದರು. ದೀಪಾವಳಿಗೆ ನಲವತ್ತು. ಕಾರ್ತಿಕ ಮುಗಿಯುವಾಗ ಇಪ್ಪತ್ತೆರಡು. ಧನುರ್ಮಾಸದಲ್ಲಿ ಹನ್ನೊಂದು. ಸಂಕ್ರಾಂತಿ ಕಳೆಯುವಾಗ ಏಳು. ಒಂದು ಸಲವೂ ಅಂಕಿ ಮೇಲಕ್ಕೆ ಹೋಗಲಿಲ್ಲ. ಇಂಥ ಹಾಳೆ ಎಲ್ಲಿಗೆ ಮುಗಿಯುತ್ತದೆ ಎನ್ನುವುದನ್ನು ಅವರು ಮೂವತ್ತು ವರ್ಷ ನೋಡಿದ್ದರು.

ಕಂಪ್ಯೂಟರ್ ರಿಪೇರಿ ಅಂಗಡಿಯವರು “ಬಿಟ್ಟೋಗಿ ಮೇಡಂ, ಎರಡು ದಿನ ಬಿಟ್ಟು ಬನ್ನಿ” ಎನ್ನುತ್ತಿದ್ದರು. ಪಟ್ಟಿಯನ್ನು ಎರಡು ದಿನ ಪರರ ಕೈಯಲ್ಲಿ ಬಿಡುವುದೇ? ಶೈಲಜಮ್ಮ ವಾಪಸು ಬರುತ್ತಿದ್ದರು.

“ದೃಷ್ಟಿ ಆಗಿದೆ ಕಣೇ,” ಎಂದರು ಗಂಡ ಪಂಚಾಕ್ಷರಯ್ಯ, ಪೇಪರಿನಿಂದ ತಲೆ ಎತ್ತದೆ. “ನನ್ನನ್ನೂ ನೋಡದಷ್ಟು ಹೊತ್ತು ಅದನ್ನ ನೋಡಿದ್ರೆ ಇನ್ನೇನಾಗುತ್ತೆ?”

“ನಿಮಗೂ ಒಂದು ಸ್ವಿಚ್ ಇದ್ದಿದ್ರೆ ನಿಮ್ಮನ್ನೂ ನೋಡ್ತಿದ್ದೆ ರೀ.”

ಮಾತಿಗೆ ಮಾತು ಕೊಟ್ಟರೂ ಒಳಗೆ ಅಳುಕು ಕೂತಿತು. ಶುಕ್ರವಾರ ಮುಸ್ಸಂಜೆ ದೇವರ ಮುಂದೆ ಸಾಂಬ್ರಾಣಿ ಹಾಕಿ, ಅದೇ ಧೂಪವನ್ನು ಕಂಪ್ಯೂಟರಿಗೂ ತೋರಿಸುವುದು ಅವರ ಹಳೆಯ ಪದ್ಧತಿ. ಹನ್ನೆರಡು ವರ್ಷ ಅದರಿಂದ ಏನೂ ಆಗಿರಲಿಲ್ಲ. ಈಗ ಶುಕ್ರವಾರದ ಧೂಪ ದಿನದಿನದ್ದಾಯಿತು. ತಿಂಗಳಿಗೊಂದಿದ್ದ ಪೊಟ್ಟಣ ಮೂರಾಯಿತು. ಅಂಗಡಿಯವನು ಖುಷಿಯಾಗಿ ಕಟ್ಟಿಕೊಟ್ಟ. ಕಂಪ್ಯೂಟರ್ ಹಚ್ಚಿ ಪೆಟ್ಟಿಗೆಯ ಮುಂದೆ ಧೂಪಾರತಿ ಹಿಡಿದರೆ ಹೊಗೆ ಸುರುಳಿ ಸುತ್ತಿ ಒಳಗೆ ಹೋಗುತ್ತಿತ್ತು, ಒಂದು ಎಳೆಯೂ ಹೊರಗುಳಿಯುತ್ತಿರಲಿಲ್ಲ. ದೇವರು ಸ್ವೀಕರಿಸಿದ ಎಂದು ಅವರು ಕಣ್ಣು ಮುಚ್ಚುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಹಾಳೆಯಲ್ಲಿ ಇನ್ನೆರಡು ನಿಮಿಷ ಕಡಿಮೆ.

ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿರುವ ಮುರುಗೇಶ್ ಎಂಬವನು. ಮಾತಾಡುವುದಕ್ಕಿಂತ ಹೆಚ್ಚು ಉಸಿರು ಬಿಡುತ್ತಿದ್ದ.

“ಅಮ್ಮಾ, ಆಸ್ಪತ್ರೆ ಲ್ಯಾಬಿನೋರು ನಿಮ್ಮ ನಂಬರ್ ಕೊಟ್ರು. ನನ್ನ ಹೆಂಡ್ತಿ ಕುಸುಮಾಗೆ ಬೆಳಿಗ್ಗೆ ಹೆರಿಗೆ ಆಯ್ತು, ಮಗು ಚೆನ್ನಾಗಿದೆ. ಅವಳಿಗೆ ರಕ್ತ ನಿಲ್ತಾ ಇಲ್ಲ. ಓ ಅಂತ ತಂದಿದ್ರು, ಮ್ಯಾಚ್ ಆಗ್ಲಿಲ್ಲಂತೆ. ಅದೇನೋ ಬಾಂಬೆ ಅಂತಾರೆ. ಹೊರ ಊರಿಂದ ಬರೋದು ನಾಳೆ ಬೆಳಿಗ್ಗೇನೇ ಅಂತೆ. ಅಷ್ಟು ಹೊತ್ತು ಕಾಯೋಕಾಗಲ್ಲ ಅಂತ ಡಾಕ್ಟ್ರು…”

“ಎಷ್ಟೊತ್ತೊಳಗೆ ಬೇಕಂತೆ?”

“ಸಂಜೆಯೊಳಗೆ.”

ಶೈಲಜಮ್ಮ ಕಂಪ್ಯೂಟರ್ ಹಚ್ಚಿದರು. ಅದು ಪೂರ್ತಿ ಎಚ್ಚರವಾಗುವುದಕ್ಕೇ ಆರು ನಿಮಿಷ ಬೇಕು. ಎಚ್ಚರವಾಯಿತು. ಪಟ್ಟಿಯ ಮೇಲೆ ಒತ್ತಿದರು. ಫ್ಯಾನು ಅರಚಿತು. ನೀಲಿ. ಮೌನ.

ಮತ್ತೆ ಹಚ್ಚಿದರು. ಈ ಸಲ ನಾಲ್ಕೇ ನಿಮಿಷ. ಮೂರನೇ ಸಲಕ್ಕೆ ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು ಬಂತು, ಹಲ್ಲಿ ನುಡಿದ ಹಾಗೆ. ಪಂಚಾಕ್ಷರಯ್ಯ ಪೇಪರು ಮಡಚಿಟ್ಟರು. ಈಗ ತಮಾಷೆ ಮಾಡಲಿಲ್ಲ.

ಪಟ್ಟಿಯಲ್ಲಿದ್ದವರ ಹೆಸರು ಐದಾರು ನೆನಪಿದ್ದವು, ಮುಖಗಳು ಅದಕ್ಕಿಂತ ಹೆಚ್ಚು, ನಂಬರು ಎರಡೇ ಎರಡು. ಅದರಲ್ಲಿ ಒಬ್ಬಾಕೆ ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದಳು, ಮತ್ತೆ ಕೊಡುವ ಹಾಗಿಲ್ಲ. ಇನ್ನೊಂದು ನಂಬರು ರುದ್ರೇಶನದು. ಅವನು ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು; ಪಟ್ಟಿಯೊಳಗಿನವನೇ, ಆದರೆ ಎರಡು ವರ್ಷದ ಹಿಂದೆ ಕಾಮಾಲೆಯಾಗಿ ರಕ್ತ ಕೊಡುವುದು ನಿಂತಿತ್ತು. ಸೇರಿದವನೇ ಪಟ್ಟಿ ನೋಡಿದರೆ ಮಾತು ತಪ್ಪಿದ ಹಾಗಾಗುವುದಿಲ್ಲ ಎಂದು ಶೈಲಜಮ್ಮ ತಮಗೆ ತಾವೇ ಹೇಳಿಕೊಂಡು ಕರೆದರು. ಇದನ್ನು ಮೂರು ತಿಂಗಳ ಮೊದಲೇ ಹೇಳಿಕೊಳ್ಳಬಹುದಿತ್ತು.

ನಾಲ್ಕು ಗಂಟೆಗೆ ಬಂದ ರುದ್ರೇಶ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ಬಿಚ್ಚಿದವನು ಹಾಗೇ ಕೂತುಬಿಟ್ಟ.

“ಆಂಟಿ, ಇದು ಕಂಪ್ಯೂಟ್ರಾ, ಗರ್ಭಗುಡಿನಾ?”

ಒಳಗೆಲ್ಲ ಕಪ್ಪು. ಧೂಳಿನ ಬೂದು ಬಣ್ಣವಲ್ಲ, ಹಳೇ ದೀಪದ ಗೂಡಿನ ಕಪ್ಪು. ಫ್ಯಾನಿನ ರೆಕ್ಕೆಗೆ, ಅದರಡಿಯ ಅಲ್ಯೂಮಿನಿಯಂ ಹಲ್ಲುಗಳಿಗೆ, ಎಲ್ಲಕ್ಕೂ ಮೇಣದಂಥ ಅಂಟು. ಬ್ರಷ್ ಇಟ್ಟರೆ ಬ್ರಷ್ಷೇ ಅಂಟಿಕೊಂಡಿತು. ಮುಂಭಾಗದ ಕಂಡಿಗಳಲ್ಲಿ ಆಯುಧಪೂಜೆಯ ಕುಂಕುಮ ಬೇರೆ.

“ಇದ್ರ ತಲೆ ಬಿಸಿಯಾಗುತ್ತೆ, ಆ ಬಿಸಿ ಹೊರಗೆ ಹಾಕೋಕೆ ಈ ಹಲ್ಲುಗಳು. ನೀವು ಹಲ್ಲಿಗೆ ಟಾರ್ ಬಳಿದಿದ್ದೀರ. ಬಿಸಿ ತಡೀಲಾರ್ದೆ ತಾನೇ ಆಫ್ ಆಗ್ತಿತ್ತು, ಪಾಪ. ಸುಟ್ಟೋಗೋ ಬದಲು.”

“ಹೊಗೆ ಒಳಗೆ ಎಳ್ಕೊಳ್ತಿತ್ತಲ್ಲಪ್ಪ. ದೇವರು ತಗೊಂಡ ಅಂದ್ಕೊಂಡೆ.”

“ಫ್ಯಾನ್ ಇರೋದೇ ಎಳ್ಕೊಳ್ಳೋಕೆ ಆಂಟಿ.”

ಶೈಲಜಮ್ಮ ಕ್ಯಾಲೆಂಡರ್ ಹಾಳೆಯನ್ನು ಕೈಗೆತ್ತಿಕೊಂಡರು. ಅದರಲ್ಲಿ ಒಂದೊಂದೇ ನಿಮಿಷ ಕಡಿಮೆಯಾದದ್ದು ಅವರ ಕೈಯಿಂದಲೇ ಆಗಿತ್ತು. ಆ ಲೆಕ್ಕವನ್ನೂ ಅವರೇ ಚೊಕ್ಕವಾಗಿ ಬರೆದಿಟ್ಟಿದ್ದರು.

“ಇದನ್ನ ಕ್ಲೀನ್ ಮಾಡೋಕೆ ನಾಳೆ ಆಗುತ್ತೆ,” ಎಂದ ರುದ್ರೇಶ್. “ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಾಕ್ತೀನಿ. ಆ ಟಿಕ್ ಟಿಕ್ ಒಳ್ಳೇದಲ್ಲ. ಒಂದೇ ಸಲ ತೆಗೆಯುತ್ತೋ ಏನೋ. ಆದ್ರೆ ಪಟ್ಟಿ ನನ್ನ ಮೆಷಿನ್ನಿಗೆ ಬಂದ್ಬಿಡುತ್ತೆ. ಪರವಾಗಿಲ್ವಾ?”

ಎರಡು ಕಡೆ ಇರಬಾರದು. ಅವರು ಗೋಡೆ ಗಡಿಯಾರ ನೋಡಿದರು. ನಾಲ್ಕೂ ಇಪ್ಪತ್ತು.

“ಹಾಕು.”

ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆರೆಯಿತು. ಮೊದಲ ಸಾಲುಗಳು ಸರಿಯಾಗಿದ್ದವು. ಆಮೇಲೆ ಅಕ್ಷರದ ಜಾಗದಲ್ಲಿ ಬರೀ ಚೌಕಗಳು, ಪ್ರಶ್ನೆಚಿಹ್ನೆಗಳು, ಮತ್ತೆ ಒಂದೆರಡು ಹೆಸರು, ಮತ್ತೆ ಚೌಕ. ಡಿಸ್ಕು ಓದುತ್ತಿರುವಾಗ ಕರೆಂಟು ಕಿತ್ತ ಹಾಗೆ ನೂರು ಸಲ ನಿಂತರೆ ಹೀಗೇ ಆಗುವುದು ಎಂದ ರುದ್ರೇಶ್. ಇಪ್ಪತ್ತಮೂರರಲ್ಲಿ ಓದುವ ಹಾಗಿದ್ದದ್ದು ಹದಿನಾಲ್ಕು. ಅದರಲ್ಲಿ ಊರು ಬಿಟ್ಟವರು, ವಯಸ್ಸಾದವರು, ಬಸುರಿಯರು, ಇತ್ತೀಚೆಗೆ ಕೊಟ್ಟವರನ್ನು ಬಿಟ್ಟರೆ ಇಬ್ಬರು ಉಳಿದರು. ಒಬ್ಬರ ಫೋನು ಸ್ವಿಚ್ ಆಫ್.

ಇನ್ನೊಬ್ಬಳ ಹೆಸರನ್ನು ಶೈಲಜಮ್ಮ ಇವತ್ತಿಗೂ ಬಾಯಿಬಿಟ್ಟಿಲ್ಲ. ಇಲ್ಲಿ ಬಿಂದುಶ್ರೀ ಎಂದಿಟ್ಟುಕೊಳ್ಳೋಣ. ಫೋನು ಎತ್ತಿದ್ದು ಅವಳ ತಾಯಿ. ಕೆಲಸಕ್ಕೆ ಸೇರಿದ ಮೇಲೆ ಆಸ್ಪತ್ರೆ ಲ್ಯಾಬಿನವರಿಂದ ಗುಂಪಿನ ವಿಷಯ ತಿಳಿದು ಸ್ವಂತ ಇಷ್ಟದಿಂದ ಪಟ್ಟಿಗೆ ಸೇರಿದ್ದ ಹುಡುಗಿ. ತಾಯಿಗೆ ಏನೂ ಗೊತ್ತಿರಲಿಲ್ಲ.

“ಅರಿಶಿನ ಕುಂಕುಮಕ್ಕೆ ಕಳಿಸಿಕೊಡಬೇಕಿತ್ತು ತಾಯಿ. ಈಗ್ಲೇ.”

“ಇವತ್ತಾ? ಇವತ್ತು ಆಗಲ್ಲ ಕಣ್ರೀ. ಏಳಕ್ಕೆ ಗಂಡಿನ ಕಡೆಯೋರು ಅವಳನ್ನ ನೋಡೋಕೆ ಬರ್ತಿದಾರೆ. ಇನ್ನೊಂದು ಶುಕ್ರವಾರ ಬರ್ತಾಳೆ ಬಿಡಿ.”

ಇನ್ನೊಂದು ಶುಕ್ರವಾರ. ನಿಜ ಹೇಳಿದರೆ ಹುಡುಗಿಯ ಮದುವೆ, ಹೇಳದಿದ್ದರೆ ಬಾಣಂತಿಯ ಜೀವ. ರುದ್ರೇಶ್ ‘ಹೇಳ್ಬಿಡಿ’ ಎಂಬಂತೆ ಕೈ ಆಡಿಸಿದ. ಶೈಲಜಮ್ಮ ಅವನ ಕಡೆ ಬೆನ್ನು ತಿರುಗಿಸಿದರು.

“ಹಾಗನ್ಬೇಡಿ. ಒಬ್ಬ ಮುತ್ತೈದೆಯ ಹರಕೆ ಇದು. ಇವತ್ತು ಸಂಜೆಯೊಳಗೆ ಮುಗೀಬೇಕು. ನಿಮ್ಮ ಮಗಳು ಬರ್ದೇ ಇದ್ರೆ ಅದು ಮುಗಿಯಲ್ಲ.”

ಆ ಕಡೆ ಯಾರೋ ಫೋನು ಕಸಿದುಕೊಂಡ ಸದ್ದು.

“ಅರಿಶಿನ ಕುಂಕುಮ ಎಲ್ಲಿ ಆಂಟಿ?” ಎಂದು ಬಿಂದುಶ್ರೀ ಕೇಳಿದಳು. ಆಸ್ಪತ್ರೆಯ ಹೆಸರನ್ನು ಶೈಲಜಮ್ಮ ಮೆಲ್ಲಗೆ ಹೇಳಿದರು. “ಸರಿ. ಅಮ್ಮಾ, ಹೂವು ತರೋಕೆ ಹೋಗ್ಬರ್ತೀನಿ!” ಎಂಬ ಕೂಗು ಕೇಳಿ ಫೋನು ಕಡಿಯಿತು.

ಆಮೇಲೆ ಕಾಯುವುದೊಂದೇ. ಮುಸ್ಸಂಜೆಯಾಯಿತು. ದಿನದ ಅಭ್ಯಾಸ; ಶೈಲಜಮ್ಮನವರ ಕೈ ತಾನಾಗಿ ಧೂಪಾರತಿಯ ಕಡೆಗೆ ಹೋಯಿತು. ಹಿಡಿಯನ್ನು ಮುಟ್ಟಿ, ಬಿಸಿ ತಾಗಿದವರಂತೆ ಕೈ ಹಿಂದೆಗೆದರು. ಆ ಮನೆಯಲ್ಲಿ ಹೊಗೆಯಿಲ್ಲದ ಶುಕ್ರವಾರ ಅದೇ ಮೊದಲು. ಪಂಚಾಕ್ಷರಯ್ಯ ದೀಪ ಹಚ್ಚಿ, ಹೆಂಡತಿಯ ಪಕ್ಕ ಕೂತರು.

ಎಂಟಕ್ಕೆ ಮುರುಗೇಶ್ ಫೋನು ಮಾಡಿದ. ರಕ್ತ ಏರುತ್ತಿದೆ, ನಾಡಿ ಹಿಡಿತಕ್ಕೆ ಬಂದಿದೆ ಎಂದ. ಕುಸುಮಾ ಬದುಕಿದಳು. ಬಿಂದುಶ್ರೀ ಒಂದು ಗಂಟೆ ತಡವಾಗಿ ಮನೆ ಸೇರಿದಳು. ಕಾದು ಬೇಸತ್ತ ಗಂಡಿನ ಕಡೆಯವರು ಹುಡುಗಿ ಬಿಳಿಚಿಕೊಂಡಿದ್ದಾಳೆ ಎಂದು ಎದ್ದು ಹೋದರು. ಆ ಮಾತನ್ನು ಕೇಳಿದ ಮೇಲೆ ಶೈಲಜಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಂಪ್ಯೂಟರನ್ನು ರುದ್ರೇಶ್ ಹಲ್ಲುಹಲ್ಲು ತೊಳೆದು ಮತ್ತೆ ನಿಲ್ಲಿಸಿದ. ಈಗ ಅದು ದಿನವಿಡೀ ಹಚ್ಚಿಟ್ಟರೂ ಸಾಯುವುದಿಲ್ಲ. ಹೋದ ಒಂಬತ್ತು ಹೆಸರು ಮಾತ್ರ ಬರಲಿಲ್ಲ. ಶೈಲಜಮ್ಮ ನೆನಪಿನ ಮುಖಗಳನ್ನು ಹುಡುಕಿಕೊಂಡು ಬೀದಿ ಬೀದಿ ಸುತ್ತುತ್ತಾರೆ: ಇಲ್ಲೊಂದು ಹಸಿರು ಗೇಟಿತ್ತು, ಅಲ್ಲೊಂದು ಹಿಟ್ಟಿನ ಗಿರಣಿಯ ಮೇಲಿನ ಮನೆ. ಗೇಟಿನ ಜಾಗದಲ್ಲಿ ಅಪಾರ್ಟ್‌ಮೆಂಟು ನಿಂತಿದೆ. ಇಬ್ಬರು ಸಿಕ್ಕಿದ್ದಾರೆ, ಏಳು ಬಾಕಿ. ಮುಂದಿನ ಫೋನು ಯಾವಾಗ ಬರುತ್ತದೋ, ಆಗ ಬೇಕಾದವರು ಆ ಏಳರೊಳಗೆ ಇದ್ದಾರೋ, ಯಾರಿಗೂ ಗೊತ್ತಿಲ್ಲ.

ಆ ಶುಕ್ರವಾರ ಕಳೆದ ಮರುವಾರ ಅವರು ನಗರ್ತಪೇಟೆಯ ಅಂಗಡಿಗೆ ಬಂದರು. ಒಂದು ಕಾಗದದ ಮಡಿಕೆ ಬಿಚ್ಚಿ, ಕಂಪ್ಯೂಟರಿನಿಂದ ಕೆರೆದ ಕಪ್ಪು ಅಂಟನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ನಡೆದದ್ದನ್ನೆಲ್ಲ ಹೇಳಿದರು. “ನೋಡಿ, ನಾನೇ ಮಾಡಿದ್ದು. ಸಾಂಬ್ರಾಣಿ ಇಷ್ಟು ಅಂಟು ಅಂತ ನಂಗೊತ್ತಿರ್ಲಿಲ್ಲ. ಬೇರೆ ಗಿರಾಕಿಗಳಿಗೂ ಹೇಳಿ, ಮೆಷಿನ್ನಿಗೆ ತೋರಿಸ್ಬೇಡಿ ಅಂತ.” ಎಂದಿನಂತೆ ಒಂದು ಪೊಟ್ಟಣ ಕೇಳಿದರು. ಬಿಚ್ಚಿ ನೋಡದೆ ಚೀಲಕ್ಕೆ ಇಳಿಸಿಕೊಂಡರು.

ಅಂಟನ್ನು ಬೆರಳಲ್ಲಿ ಉಜ್ಜಿದರೆ ಅದು ಸಾಂಬ್ರಾಣಿಯಲ್ಲ ಎಂದು ಈ ವ್ಯಾಪಾರದವನಿಗೆ ತಿಳಿಯುತ್ತದೆ. ಒಳ್ಳೆ ಸಾಂಬ್ರಾಣಿ ಉರಿದರೆ ಇಂಥ ಮೇಣ ಬಿಡುವುದಿಲ್ಲ. ಪೈನ್ ಮರದ ಅಗ್ಗದ ರಾಳ ಉರಿದರೆ ಬಿಡುತ್ತದೆ. ಪುಡಿ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ. ದಸರೆಗೆ ಸಾಂಬ್ರಾಣಿಯ ದರ ಏರಿದಾಗಿನಿಂದ ಆ ಪೊಟ್ಟಣಗಳನ್ನು ಬೆರೆಸಿ ಕಟ್ಟಿದ ಅಂಗಡಿಯವನು ನಾನು. ಅವತ್ತು “ಅಯ್ಯೋ ಪಾಪ” ಎಂದು ತಲೆಯಾಡಿಸಿ ಚಿಲ್ಲರೆ ಕೊಟ್ಟೆ.

ಶೈಲಜಮ್ಮನವರಿಗೆ ನನ್ನಿಂದ ಒಂದು ಮಾತು ಸಲ್ಲಬೇಕು: ಆ ಪೊಟ್ಟಣದಲ್ಲಿದ್ದದ್ದು ಮುಕ್ಕಾಲು ಪಾಲು ರಾಳ, ಆ ಹೆಸರುಗಳನ್ನು ಅಳಿಸಿದ್ದು ನಿಮ್ಮ ಧೂಪವಲ್ಲ, ನನ್ನ ಅಂಗಡಿ, ಎಂದು ಅವರ ಮುಖ ನೋಡಿ ಹೇಳುವುದು. ಇನ್ನೂ ಹೇಳಿಲ್ಲ.