ನ್ಯೂಯಾರ್ಕಿನಿಂದ ಗ್ವಾಯಾಕಿಲ್‌ವರೆಗೆ ಒಂದೇ ಉಸಿರಿನ ಪ್ರಾರ್ಥನೆ

ಎಕ್ವಡಾರಿನ ಕಾನ್ಯಾರ್ ಬೆಟ್ಟದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸೊಯ್ಲಾ ತೆನೆಸಾಕಾ ಮೇಣದಬತ್ತಿ ಹಚ್ಚಿ, ಡೆಲ್ಫಿನಾಳ ಅಡುಗೆಮನೆಯಲ್ಲಿ ಕುರಿಚರ್ಮ ಹಾಸಿಕೊಂಡು ಕೂರುತ್ತಾಳೆ. ಒಲೆಯ ಹಿಂದೆ ಗಿನಿಹಂದಿಗಳು ಕೀಚುಗುಡುತ್ತಿವೆ. ನ್ಯೂಯಾರ್ಕಿನಲ್ಲಿ ವಿಮಾನ ಮೇಲೆದ್ದಿತೆಂದು ಈಗಷ್ಟೇ ಫೋನು ಬಂದಿದೆ. ಅದರ ಹೊಟ್ಟೆಯಲ್ಲಿ ಡೆಲ್ಫಿನಾಳ ಮಗ ರುಬೇನ್‌ನ ಶವಪೆಟ್ಟಿಗೆ. ಕಟ್ಟಡ ಕೆಲಸದ ಸಾರುವೆಯಿಂದ ಬಿದ್ದವನು ಮತ್ತೆ ಏಳಲಿಲ್ಲ.

"ಕೆಳಗೆ ಬರೀ ಸಮುದ್ರ ಕಣೋ ಮಗಾ, ಹೆದರ್ಬೇಡ," ಎಂದು ಸೊಯ್ಲಾ ಗೋಡೆಯತ್ತ ತಿರುಗಿ ಹೇಳುತ್ತಾಳೆ.

ಇದೇ ಅವಳ ಕಸುಬು. ನ್ಯೂಯಾರ್ಕಿನಿಂದ ಎಕ್ವಡಾರಿನ ಗ್ವಾಯಾಕಿಲ್ ವಿಮಾನ ನಿಲ್ದಾಣಕ್ಕೆ ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರಿನ ದಾರಿ, ನೇರ ವಿಮಾನಕ್ಕೆ ಏಳು ಗಂಟೆ. ಅಷ್ಟು ಹೊತ್ತೂ ಜಪಮಾಲೆ ತಿರುಗುತ್ತದೆ, ಬಾಯಿ ನಿಲ್ಲುವುದಿಲ್ಲ. ಯಾವ ನೀರು, ಯಾವ ನೆಲ ದಾಟಿತೆಂದು ಸತ್ತವನಿಗೆ ಹೇಳುತ್ತಾ ಬರುತ್ತಾಳೆ. ಅವಳು ಜೋರಾಗಿ ಕೂಗಿದರೆ ಎದುರು ಬೆಟ್ಟದ ಲಾಮಾ ಮೇವು ಬಿಟ್ಟು ಶಿಲುಬೆಯ ಗುರುತು ಹಾಕಿಕೊಳ್ಳುತ್ತದಂತೆ! ಊರಿನ ಮಾತು, ನಂಬಲೇಬೇಕು.

ಇಲ್ಲಿನ ಹುಡುಗರು ಅಮೆರಿಕಕ್ಕೆ ಹೋಗುವುದು ಕಳ್ಳದಾರಿಯಲ್ಲಿ, ಕಾಡು ಮರುಭೂಮಿ ತುಳಿದುಕೊಂಡು. ವಿಮಾನ ಹತ್ತುವುದು ಹೀಗೆ ಮರಳುವಾಗಲೇ. "ನೆಲದ ದಾರಿ ಆದ್ರೆ ಸತ್ತೋರು ಗುರುತು ಹಿಡೀತಾರೆ. ಮೋಡದೊಳಗೆ ಏನ್ ಗುರುತು ಸಿಗುತ್ತೆ? ನಮ್ಮನೆಯವ್ರು ಹಿಂಗೇ ಪೆಟ್ಟಿಗೇಲಿ ಬಂದಾಗ ಯಾರೂ ದಾರಿ ಹೇಳ್ಲಿಲ್ಲ. ಮೂರು ವರ್ಷ ಕನಸಲ್ಲಿ ಬಂದು ದಾರಿ ಕೇಳ್ತಿದ್ರು," ಅನ್ನುತ್ತಾಳೆ ಸೊಯ್ಲಾ.

ಬಿಸಿಲೇರುವಾಗ ಪಕ್ಕದ ಮನೆಯ ಒರ್ಟೆನ್ಸಿಯಾ ಬೇಯಿಸಿದ ಜೋಳ ತರುತ್ತಾಳೆ. "ತಿನ್ನಕ್ಕಾ. ವಿಮಾನದಲ್ಲಾದ್ರೂ ಊಟ ಕೊಡ್ತಾರಂತೆ, ನೀನು ಒಣಗಿ ಸಾಯ್ತೀಯ."

"ಸುಮ್ನಿರೇ ಬಜಾರಿ, ಕ್ಯೂಬಾ ದಾಟಿಸ್ತಿದೀನಿ!"

ಡೆಲ್ಫಿನಾ ನಗುವುದಿಲ್ಲ. ಸುದ್ದಿ ಬಂದಾಗಿನಿಂದ ಅವಳು ತುಟಿ ಬಿಚ್ಚಿಲ್ಲ.

ಏಳು ಗಂಟೆ ತುಂಬುತ್ತದೆ. "ಗ್ವಾಯಾಕಿಲ್ ಬಂತು ಮಗಾ, ಇಳಿ. ಮಾವ ಕಾಯ್ತಿದಾನೆ," ಎಂದು ಸೊಯ್ಲಾ ಬತ್ತಿ ಆರಿಸುತ್ತಾಳೆ. ಬೆನ್ನಿಗೇ ಆ ಮಾವನ ಫೋನು. ವಿಮಾನ ನೇರವಾಗಿ ಬಂದಿಲ್ಲ. ಪನಾಮಾದಲ್ಲಿ ಬೇರೆ ವಿಮಾನಕ್ಕೆ ಹಾಕುವಾಗ ಪೆಟ್ಟಿಗೆ ಅಲ್ಲೇ ಉಳಿದಿದೆ, ಬರುವುದು ನಾಳೆ.

ಡೆಲ್ಫಿನಾ ಚೀರುತ್ತಾಳೆ. "ಇಳಿ ಅಂದ್ಬಿಟ್ಯಲ್ಲೇ ಅಕ್ಕಾ! ಇಳಿದ್ಬಿಟ್ಟಿರ್ತಾನೆ! ಗೊತ್ತಿಲ್ಲದೂರಲ್ಲಿ ಎಲ್ಲಿಗೋಗ್ತಾನೆ?"

ಸೊಯ್ಲಾ ಮತ್ತೆ ಬತ್ತಿ ಹಚ್ಚುತ್ತಾಳೆ. "ಮಗಾ, ತಪ್ಪು ಹೇಳ್ದೆ ಕಣೋ. ಅದು ನಮ್ಮೂರಲ್ಲ, ಪೆಟ್ಟಿಗೆ ಹತ್ರಾನೇ..." ಏಳು ಗಂಟೆ ಕೂಗಿದ ದನಿ ಅಷ್ಟಕ್ಕೇ ಬಿದ್ದುಹೋಗುತ್ತದೆ.

ಡೆಲ್ಫಿನಾ ಅವಳನ್ನು ಸರಿಸಿ ಕುರಿಚರ್ಮದ ಮೇಲೆ ಕೂರುತ್ತಾಳೆ. "ಬಿಡಕ್ಕಾ. ನನ್ನ ದನಿ ಅವನಿಗೆ ಗೊತ್ತು." ಗೋಡೆಯತ್ತ ತಿರುಗಿ ಕರೆಯತೊಡಗುತ್ತಾಳೆ: "ರುಬೇನ್, ಅಮ್ಮ ಕಣೋ. ಅಲ್ಲೇ ಕೂತಿರು."

ಸೊಯ್ಲಾ ಹೊರಬಂದು ಜಗಲಿಯಲ್ಲಿ ಕುಸಿಯುತ್ತಾಳೆ. ಪಿಸುದನಿಯಷ್ಟೇ ಉಳಿದಿದೆ. "ಇನ್ಮೇಲೆ ಗಡಿಯಾರ ನಂಬಲ್ಲ. ನಾಳೆ ಪೆಟ್ಟಿಗೆಯೇನೋ ಬರುತ್ತೆ. ಅದರ ಜೊತೆ ಅವನೂ ಬಂದಿರ್ಲಿ, ನಂಗಷ್ಟೇ ಸಾಕು."