ಉಬ್ಬಿದ ಕಿರೀಟವೋ, ತಗ್ಗಿದ ಕಿರೀಟವೋ

ಬೆಳಗಿನ ಆರು ಗಂಟೆ. ನಾರ್ಫೋಕ್‌ನ ತಮ್ಮ ಅಡುಗೆಮನೆಯಲ್ಲಿ ಎನಿಡ್ ಗ್ಯಾದರ್‌ಕೋಲ್ ಒಂದು ಮುಳ್ಳು ಹಿಡಿದು ಹಿತ್ತಾಳೆಯ ಕೋಟು ಗುಂಡಿಯ ಮೇಲೆ ಒಣಗಿದ ಮಣ್ಣನ್ನು ಬಿಡಿಸುತ್ತಿದ್ದಾರೆ. ಸೂಜಿಯಾದರೆ ಗೀರುತ್ತದೆ, ಬೇಲಿಯ ಮುಳ್ಳು ಗೀರುವುದಿಲ್ಲ. ಪಕ್ಕದ ಟೀ ಆರಿ ಹೋಗಿದೆ. ಹದ್ದಿನ ರೆಕ್ಕೆ ಕಂಡಿದೆ, ವಾಯುಪಡೆಯದೆಂಬುದು ಖಚಿತ. ಅದರ ಮೇಲಿನ ಕಿರೀಟ ಇನ್ನೂ ಮಣ್ಣಿನಲ್ಲಿದೆ. ಹತ್ತಕ್ಕೆ ಆಲಿವ್ ಲಾರ್ಟರ್ ಬರುತ್ತಾರೆ.

ಆಲಿವ್‌ಗೆ ತೊಂಬತ್ತಮೂರು. 1943ರಲ್ಲಿ ಅವರ ಅಣ್ಣ ಲೆನರ್ಡ್ ಇದ್ದ ವಿಮಾನ ಊರಾಚೆಯ ಜೌಗಿನಲ್ಲಿ ಬಿತ್ತು. ಅವನದೆನ್ನುವ ಒಂದು ಚೂರೂ ಸಿಗಲಿಲ್ಲ. ಕಳೆದ ಭಾನುವಾರ ಎನಿಡ್‌ರ ಗಂಡ ಕ್ಲೈವ್ ಲೋಹಶೋಧಕ ಹಿಡಿದು ಜೌಗಿನಂಚಿನ ಬೀಟ್ ಗೆಡ್ಡೆಯ ಹೊಲದಲ್ಲಿ ಅಲೆಯುವಾಗ ಈ ಗುಂಡಿ ಸಿಕ್ಕಿತು. ಮಣ್ಣು ತೊಳೆಯುವ ಮೊದಲೇ ಆ ಮಹಾನುಭಾವ ಆಲಿವ್‌ರ ಬಾಗಿಲು ತಟ್ಟಿ, "ನಿಮ್ಮಣ್ಣಂದೇ ಇರ್ಬೇಕು" ಎಂದುಬಿಟ್ಟ.

ಅರವತ್ತಾರರ ಎನಿಡ್ ಲಾಂಡ್ರಿಯೊಂದರಲ್ಲಿ ಹರಿದ ಬಟ್ಟೆ ಹೊಲಿಯುತ್ತಾರೆ. ಕ್ಲೈವ್‌ನಂತೆ ಹೊಲಗಳಲ್ಲಿ ಹುಡುಕುವವರ ಸಂಘ ವಾರಕ್ಕೆ ಮೂವತ್ತು ನಲವತ್ತು ಗುಂಡಿಗಳನ್ನು ತಂದು ಸುರಿಯುತ್ತದೆ. ಹನ್ನೊಂದು ವರ್ಷದಿಂದ ಎನಿಡ್ ಅವುಗಳ ಕಾಲ ಹೇಳುತ್ತಿದ್ದಾರೆ, ಪುಕ್ಕಟೆ. "ಮುಖ ನೋಡಿ ಮರುಳಾಗ್ಬಾರ್ದು. ಬೆನ್ನಲ್ಲಿ ಕೊಂಡಿ ಹೆಂಗಿದೆ, ಮಾಡಿದೋರ ಹೆಸರೇನಿದೆ ನೋಡ್ಬೇಕು. ಒಂದ್ಸಲ ಉಗುಳು ಹಚ್ಚಿ ಉಜ್ಜಿಬಿಟ್ಟೆ, ಇನ್ನೂರು ವರ್ಷದ ಚಿನ್ನದ ನೀರು ಹೆಬ್ಬೆರಳಿಗೆ ಬಂತು. ಆವತ್ತು ಊಟ ಸೇರ್ಲಿಲ್ಲ."

ಇವತ್ತಿನ ಗುಂಡಿಯ ಬೆನ್ನನ್ನು ಕಿಲುಬು ತಿಂದಿದೆ. ಉಳಿದದ್ದು ಕಿರೀಟವೊಂದೇ. ಯುದ್ಧದ ಹೊತ್ತಿನ ರಾಜನ ಕಾಲದ್ದಾದರೆ ಅದರ ತಲೆ ಗುಮ್ಮಟದಂತೆ ಉಬ್ಬಿರುತ್ತದೆ. ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ ರಾಣಿ ಪಟ್ಟಕ್ಕೆ ಬಂದ ಮೇಲಿನದಾದರೆ ನಡುವೆ ತಗ್ಗಿರುತ್ತದೆ. ಎನಿಡ್ ಮುಳ್ಳು ಕೆಳಗಿಟ್ಟು, ಅಂಗೈ ಒರೆಸಿಕೊಂಡು, ಮತ್ತೆ ಹಿಡಿಯುತ್ತಾರೆ.

"ಏನಾದ್ರೂ ಇರ್ಲಿ, ಹೂಂ ಅಂದ್ಬಿಡೆ. ವಯಸ್ಸಾದ ಜೀವ" ಎನ್ನುತ್ತಾನೆ ಕ್ಲೈವ್.

"ಬಾಯಿ ಬಿಡೋಕ್ಮುಂಚೆ ಮಣ್ಣು ಬಿಡಿಸ್ಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ? ಇವತ್ತು ಸುಳ್ಳು ಹೇಳಿದ್ರೆ ನಾಳೆ ನನ್ ಮಾತು ನಂಗೇ ನಂಬಿಕೆ ಬರಲ್ಲ."

ಒಂಬತ್ತೂಕಾಲಿಗೆ ಕೊನೆಯ ಮಣ್ಣು ಉದುರುತ್ತದೆ. ಕಿರೀಟ ನಡುವೆ ತಗ್ಗಿದೆ. ಕ್ಲೈವ್ ಹಿತ್ತಿಲಿಗೆ ಹೋಗಿ ನಿಲ್ಲುತ್ತಾನೆ.

ಆಲಿವ್ ಒಳ್ಳೆಯ ಕೋಟು, ಟೋಪಿ ಹಾಕಿಕೊಂಡೇ ಬಂದಿದ್ದಾರೆ. ಎನಿಡ್ ಕುರ್ಚಿಯನ್ನೂ ಕೊಡದೆ ಹೇಳಿಬಿಡುತ್ತಾರೆ: "ಲೆನರ್ಡಂದಲ್ಲ, ಆಲಿವ್. ಹತ್ತು ವರ್ಷವಾದ್ರೂ ಆಮೇಲಿಂದು."

ಆಲಿವ್ ಭೂತಗನ್ನಡಿ ಕೇಳಿ ಪಡೆದು ಬಹಳ ಹೊತ್ತು ನೋಡುತ್ತಾರೆ.

"ಹಂಗಾದ್ರೆ ಈ ಗುಂಡಿಯವನು ಯುದ್ಧ ಕಾಣದ ಹುಡುಗ."

"ಹೌದು."

"ಗುಂಡಿ ಕಳ್ಕೊಂಡು ಮನೆಗೆ ಹೋಗಿ ಅಮ್ಮನ ಹತ್ರ ಬೈಸ್ಕೊಂಡಿರ್ತಾನೆ. ಅದನ್ನೇ ಬರ್ಕೊಳ್ಳಿ."

ಪ್ರತಿ ಗುಂಡಿಗೂ ಎನಿಡ್ ಒಂದು ಪುಟ್ಟ ಲಕೋಟೆ ಇಡುತ್ತಾರೆ, ಖಾತ್ರಿಯಾದದ್ದನ್ನು ಮಾತ್ರ ಅದರ ಮೇಲೆ ಬರೆಯುತ್ತಾರೆ. ಈಗ ಪೆನ್ಸಿಲ್ ಕೈಗೆತ್ತಿಕೊಂಡು ಹೊಲದ ಹೆಸರು, ರಾಣಿಯ ಕಾಲ ಎಂದು ಬರೆದು, ಆಲಿವ್‌ರ ಮುಖವನ್ನೊಮ್ಮೆ ನೋಡುತ್ತಾರೆ. ಆಮೇಲೆ ಕೆಳಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ತಮಗೆ ಗೊತ್ತಿಲ್ಲದ ಮಾತೊಂದನ್ನು ಸೇರಿಸುತ್ತಾರೆ: ಮನೆ ತಲುಪಿದ.